ಹಳೆಯ ರಾಂಚಿನ ಕಣಿವೆಯಲ್ಲಿ ಮನೆ ಸೈಟು: ಕೊಳ್ಳುವ ಮುನ್ನ ಓದುಗರು ಕೇಳಿದ ಪ್ರಶ್ನೆಗಳು

ಕೊಲರಾಡೋದ ಯಾಂಪಾ, ಗನ್ನಿಸನ್, ವೆಟ್ ಮೌಂಟನ್ ಕಣಿವೆಗಳಲ್ಲಿ ನೂರು ವರ್ಷಕ್ಕೂ ಹಿಂದೆ ನೆಲೆಯೂರಿದ ದನಗಾವಲಿನ ರಾಂಚ್‌ಗಳು ಈಗ ಮನೆ ಸೈಟುಗಳಾಗಿ ಮಾರಾಟಕ್ಕೆ ಬರುತ್ತಿವೆ. ಡೆನ್ವರ್ ಸುತ್ತಿನ ಕನ್ನಡಿಗರು, ಅಲ್ಲಿರುವ ಮಕ್ಕಳಿಗಾಗಿ ವಿಚಾರಿಸುವ ಇಲ್ಲಿನ ತಂದೆ-ತಾಯಿ ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಉತ್ತರಗಳೆಲ್ಲ ಕೊಲರಾಡೋ ಕಾನೂನಿಗೆ ಸಂಬಂಧಿಸಿದವು. ಮೊಂಟಾನಾ, ವಯೋಮಿಂಗ್‌ಗಳಲ್ಲಿ ನೀರಿನ ಮೂಲತತ್ವ ಒಂದೇ ಆದರೂ ಅಂಕಿಗಳು ಬೇರೆ.

ಪ್ರಶ್ನೆ: ಒಂದೇ ಕಣಿವೆಯಲ್ಲಿ ಎರಡು ಸೈಟು ನೋಡಿದ್ದೇವೆ. ಒಂದು 35 ಎಕರೆ. ಇನ್ನೊಂದು 5 ಎಕರೆ, ಜೊತೆಗೆ ರಾಂಚಿನ ಹುಲ್ಲುಗಾವಲನ್ನೆಲ್ಲ ಹಾಗೇ ಬಿಡುತ್ತೇವೆ ಎನ್ನುತ್ತಾರೆ. ಬೆಲೆ ಹೆಚ್ಚೂಕಡಿಮೆ ಒಂದೇ. ಜಾಹೀರಾತುಗಳಲ್ಲೆಲ್ಲ ಈ 35 ಎಕರೆ ಏಕೆ ಬರುತ್ತದೆ? ಯಾವುದು ಮೇಲು?
(ಅರೋರಾ, ಕೊಲರಾಡೋ)

35 ಎಕರೆ ಎಂಬ ಅಂಕಿ 1972ರ ಒಂದು ರಾಜ್ಯ ಕಾನೂನಿನಿಂದ ಬಂದದ್ದು. ಜಮೀನನ್ನು 35 ಎಕರೆ ಅಥವಾ ಅದಕ್ಕಿಂತ ದೊಡ್ಡ ತುಂಡುಗಳಾಗಿ ಮಾಡಿದರೆ ಅದು ಬಡಾವಣೆ ಎನಿಸಿಕೊಳ್ಳುವುದಿಲ್ಲ. ಕೌಂಟಿಯ, ಅಂದರೆ ಜಿಲ್ಲೆಯಂಥ ಸ್ಥಳೀಯ ಆಡಳಿತದ, ಬಡಾವಣೆ ಮಂಜೂರಾತಿ ಬೇಕಿಲ್ಲ. ಮಾರುವವರಿಗೆ ಇದು ಸಲೀಸು. ಕೊಳ್ಳುವವರಿಗೆ ಇದರ ಅರ್ಥವೇನೆಂದರೆ, ಈ ತುಂಡಿಗೆ ನೀರು ಸಿಗುತ್ತದೆಯೇ, ರಸ್ತೆ ಸರಿಯಿದೆಯೇ, ಮಣ್ಣು ಕೊಳಚೆ ನೀರನ್ನು ಹೀರುತ್ತದೆಯೇ ಎಂದು ಸರ್ಕಾರದ ಕಡೆಯಿಂದ ಯಾರೂ ಪರೀಕ್ಷಿಸಿಲ್ಲ. ಆ ಕೆಲಸವೆಲ್ಲ ನಿಮ್ಮ ಹೆಗಲಿಗೆ.

5 ಎಕರೆಯದು ಎರಡು ಬಗೆಯಲ್ಲಿ ಹುಟ್ಟಿರಬಹುದು. ಒಂದು, ಕೌಂಟಿ ಪೂರ್ತಿ ಪರಿಶೀಲಿಸಿ ಮಂಜೂರು ಮಾಡಿದ ಸಾಮಾನ್ಯ ಬಡಾವಣೆ. ಎರಡು, ಕ್ಲಸ್ಟರ್ ಯೋಜನೆ: ಮನೆಗಳನ್ನು ಒಂದು ಮೂಲೆಗೆ ಒತ್ತಾಗಿ ಸೇರಿಸಿ, ಕನಿಷ್ಠ ಮೂರನೇ ಎರಡು ಭಾಗ ಜಮೀನನ್ನು ಒಂದೇ ಹರಹಾಗಿ ಬಯಲು ಬಿಡುವುದು. ಪ್ರತಿಯಾಗಿ ರಾಜ್ಯ ಕಾನೂನು ಪ್ರತಿ 35 ಎಕರೆಗೆ 2 ಮನೆಗಳವರೆಗೆ ಅವಕಾಶ ಕೊಡುತ್ತದೆ. 700 ಎಕರೆಯ ರಾಂಚ್ ಆದರೆ ಬಿಡಿ ತುಂಡುಗಳ ಲೆಕ್ಕದಲ್ಲಿ 20 ಸೈಟು, ಕ್ಲಸ್ಟರ್‌ನಲ್ಲಿ 40ರವರೆಗೆ ಮನೆ, ಜೊತೆಗೆ ಸುಮಾರು 467 ಎಕರೆ ಬಯಲು.

ನೀವು ಕೇಳಲೇಬೇಕಾದ ಪ್ರಶ್ನೆ ಇಲ್ಲಿದೆ: ಬಯಲು ಎಷ್ಟು ಕಾಲ ಬಯಲಾಗಿರುತ್ತದೆ? ಕ್ಲಸ್ಟರ್ ಕಾನೂನು ಕೇಳುವುದು ಕನಿಷ್ಠ 40 ವರ್ಷ ಮಾತ್ರ. ಶಾಶ್ವತ ಸಂರಕ್ಷಣಾ ಕರಾರು, ಅಂದರೆ ಕನ್ಸರ್ವೇಶನ್ ಈಸ್‌ಮೆಂಟ್, ಪ್ರತ್ಯೇಕವಾಗಿ ನೋಂದಣಿಯಾಗಿದ್ದರೆ ಮಾತ್ರ ಅದು ಎಂದೆಂದಿಗೂ ಹುಲ್ಲುಗಾವಲಾಗಿ ಉಳಿಯುತ್ತದೆ. ಕರಪತ್ರದಲ್ಲಿ 'ಸಂರಕ್ಷಿತ' ಎಂದಿದ್ದರೆ ಸಾಲದು. ನೋಂದಣಿ ಸಂಖ್ಯೆ ಕೇಳಿ, ಕೌಂಟಿ ಕ್ಲರ್ಕ್ ಕಚೇರಿಯಿಂದ ಮೂಲ ಪತ್ರ ತೆಗೆಸಿ, ಅವಧಿಯ ಷರತ್ತನ್ನು ಓದಿ.

ಯಾವುದು ಮೇಲು ಎಂದರೆ, ಕುದುರೆ, ತೋಟ, ಒಂದಕ್ಕಿಂತ ಹೆಚ್ಚು ಮನೆ ನಿಮ್ಮ ಮನಸ್ಸಿನಲ್ಲಿದ್ದರೆ 35 ಎಕರೆಯೇ ಸರಿ. ಕಾರಣ ಮುಂದಿನ ಉತ್ತರದಲ್ಲಿದೆ. ವಾರಾಂತ್ಯದ ಮನೆ, ಕಿಟಕಿಯಾಚೆ ಬಯಲು, ಹಿಮ ತೆಗೆಯುವ ತಲೆನೋವು ಬೇಡ ಎನ್ನುವವರಿಗೆ ಶಾಶ್ವತ ಕರಾರಿರುವ ಕ್ಲಸ್ಟರ್ ಸೈಟೇ ಒಳ್ಳೆಯದು. 35 ಎಕರೆ ಅಂದರೆ 1,400 ಗುಂಟೆ. ಅಷ್ಟಕ್ಕೂ ಕಳೆ ತೆಗೆಸುವ, ಬೇಲಿ ನೋಡಿಕೊಳ್ಳುವ ಹೊಣೆ ಒಡೆಯರದೇ. ಹಾನಿಕಾರಕ ಕಳೆಗಳನ್ನು ಹತೋಟಿಯಲ್ಲಿಡುವುದು ಕೊಲರಾಡೋದಲ್ಲಿ ಕಾನೂನಿನ ಕರ್ತವ್ಯ.

ಪ್ರಶ್ನೆ: ಸೈಟಿನ ನಡುವೆಯೇ ಹಳ್ಳ ಹರಿಯುತ್ತದೆ. ಒಂದು ಸಣ್ಣ ಪಂಪು ಇಟ್ಟು ತೋಟಕ್ಕೆ ನೀರು ಹಾಯಿಸಿಕೊಳ್ಳಬಹುದಲ್ಲವೇ? ಬೋರ್‌ವೆಲ್‌ಗೂ ಅನುಮತಿ ಬೇಕೆಂದು ಯಾರೋ ಹೆದರಿಸಿದರು.
(ಫೋರ್ಟ್ ಕಾಲಿನ್ಸ್)

ಹಳ್ಳದಿಂದ ಒಂದು ಬಿಂದಿಗೆಯನ್ನೂ ಹಾಗೆ ಎತ್ತುವಂತಿಲ್ಲ. ನಮ್ಮಲ್ಲಿ ದಡದ ಜಮೀನಿನವರಿಗೆ ನೀರಿನ ಮೇಲೆ ಸಹಜವಾಗಿ ಒಂದು ಹಕ್ಕಿದೆ ಎಂಬ ಭಾವನೆಯಿದೆ. ಅದೇ ಲೆಕ್ಕದಲ್ಲಿ ಅಲ್ಲಿಗೆ ಹೋದವರು ಎಡವುವುದು ಇಲ್ಲೇ. ಕೊಲರಾಡೋದಲ್ಲಿ ನೀರಿನ ಮೇಲೆ ಮೊದಲ ಹಕ್ಕು ಮೊದಲು ಬಳಸಿದವರದು. 1876ರ ರಾಜ್ಯ ಸಂವಿಧಾನದಲ್ಲೇ ಈ ತತ್ವವಿದೆ. ದಡದವರಿಗೆ ವಿಶೇಷ ಹಕ್ಕಿಲ್ಲವೆಂದು 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಯಾರು ಯಾವ ವರ್ಷ ಎಷ್ಟು ನೀರು ತಿರುಗಿಸಿಕೊಂಡು ಯಾವ ಕೆಲಸಕ್ಕೆ ಬಳಸಿದರು ಎಂಬುದಕ್ಕೆ ವಾಟರ್ ಕೋರ್ಟಿನ ಡಿಕ್ರಿ ಇರುತ್ತದೆ. ಬೇಸಿಗೆಯ ಕೊನೆಗೆ ಹೊಳೆ ಬತ್ತಿದಾಗ ಹಿರಿಯ ಹಕ್ಕಿನವರು, ಅಂದರೆ ಮೊದಲು ಬಳಸಿದವರು, ತಮ್ಮ ಪಾಲು ಮೊದಲು ಬರಲಿ ಎಂದು 'ಕಾಲ್' ಹಾಕುತ್ತಾರೆ. ಆಗ ಕಿರಿಯ ಹಕ್ಕಿನವರ ತೂಬುಗಳನ್ನು ವಾಟರ್ ಕಮಿಷನರ್ ಮುಚ್ಚಿಸುತ್ತಾರೆ. ನಮ್ಮ ಕೆರೆಗಳ ನೀರಗಂಟಿಯ ಕೆಲಸವನ್ನೇ ಅವರು ರಾಜ್ಯ ಸರ್ಕಾರದ ಅಧಿಕಾರದಿಂದ ಮಾಡುತ್ತಾರೆ. ಯಾಂಪಾದ ಮುಖ್ಯ ಹೊಳೆಯಲ್ಲಿ 2018ರವರೆಗೆ ಒಮ್ಮೆಯೂ ಕಾಲ್ ಬಿದ್ದಿರಲಿಲ್ಲ. ಆ ವರ್ಷ ಮೊದಲ ಬಾರಿಗೆ ಬಿತ್ತು. ಆದ್ದರಿಂದ 'ಈ ಕಣಿವೆಯಲ್ಲಿ ನೀರಿಗೆ ತಂಟೆಯೇ ಇಲ್ಲ' ಎಂಬ ಹಳೆಯ ಮಾತನ್ನು ನಂಬಿ ಕೂರಬೇಡಿ.

ನೀರಿನ ಹಕ್ಕು ಜಮೀನಿನಿಂದ ಬೇರೆಯಾಗಿ ಮಾರಾಟವಾಗುತ್ತದೆ. ರಾಂಚಿನ ನೀರನ್ನು ಹಿಂದೆಯೇ ಊರಿನ ನಗರಸಭೆಗೆ ಮಾರಿ, ಒಣ ನೆಲವನ್ನು ಮಾತ್ರ ಸೈಟು ಮಾಡಿರಬಹುದು. ಕ್ರಯಪತ್ರದಲ್ಲಿ 'ಜಮೀನಿಗೆ ಸೇರಿದ ನೀರಿನ ಹಕ್ಕುಗಳೊಂದಿಗೆ' ಎಂಬ ಸಡಿಲ ವಾಕ್ಯವಿದ್ದರೆ ಒಪ್ಪಬೇಡಿ. ಕಾಲುವೆಯ ಹೆಸರು, ಡಿಕ್ರಿಯ ಪ್ರಕರಣ ಸಂಖ್ಯೆ, ಆದ್ಯತೆಯ ದಿನಾಂಕ, ಸೆಕೆಂಡಿಗೆ ಎಷ್ಟು ಘನ ಅಡಿ, ಅದರಲ್ಲಿ ನಿಮ್ಮ ಪಾಲು ಎಷ್ಟು, ಇವಿಷ್ಟೂ ಬರೆದಿರಬೇಕು. ಸೆಕೆಂಡಿಗೆ 1 ಘನ ಅಡಿ ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ನೀರು ಕಾಲುವೆ ಕಂಪನಿಯ ಷೇರಿನ ರೂಪದಲ್ಲಿದ್ದರೆ ಷೇರು ಸರ್ಟಿಫಿಕೇಟನ್ನೇ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. 10 ವರ್ಷ ಬಳಸದೆ ಬಿಟ್ಟ ಹಕ್ಕನ್ನು ಕೈಬಿಟ್ಟದ್ದೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ಕಳೆದ 10 ವರ್ಷದಲ್ಲಿ ನೀರು ತಿರುಗಿಸಿಕೊಂಡ ದಾಖಲೆಗಳನ್ನು ರಾಜ್ಯದ ಜಲಸಂಪನ್ಮೂಲ ವಿಭಾಗದ ಜಾಲತಾಣದಲ್ಲಿ ನೋಡಿ. ಅದು ಉಚಿತ.

ಕೊಳವೆಬಾವಿಗೆ ಅನುಮತಿ ಬೇಕೇ ಬೇಕು. ಯಾವ ಬಗೆಯ ಅನುಮತಿ ಎಂಬುದರ ಮೇಲೆ ನಿಮ್ಮ ಬದುಕೇ ನಿಂತಿದೆ. 35 ಎಕರೆ ಅಥವಾ ಹೆಚ್ಚಿನ ತುಂಡಿಗೆ, ಆ ಜಮೀನಿನಲ್ಲಿ ಅದೊಂದೇ ಬಾವಿಯಾಗಿದ್ದರೆ, ಗೃಹಬಳಕೆಯ ವಿಶಾಲ ಅನುಮತಿ ಸಿಗುತ್ತದೆ: 3 ಮನೆಗಳವರೆಗೆ, 1 ಎಕರೆಯವರೆಗೆ ಹುಲ್ಲುಹಾಸು-ಕೈತೋಟ, ಸಾಕುಪ್ರಾಣಿಗಳಿಗೆ ಕುಡಿಯಲು, ಮಿತಿ ನಿಮಿಷಕ್ಕೆ 15 ಗ್ಯಾಲನ್, ಸುಮಾರು 57 ಲೀಟರ್. ಅದಕ್ಕಿಂತ ಚಿಕ್ಕ ಸೈಟಾದರೆ ಬಹಳ ಕಡೆ ಸಿಗುವುದು 'ಮನೆಯೊಳಗಿನ ಬಳಕೆ ಮಾತ್ರ' ಎಂಬ ಅನುಮತಿ. ಆ ನೀರನ್ನು ಹೊರಗಿನ ಕೊಳಾಯಿಯಲ್ಲಿ ಗಿಡಕ್ಕೆ ಬಿಡುವಂತಿಲ್ಲ, ಕುದುರೆಗೂ ಕುಡಿಸುವಂತಿಲ್ಲ. ತೋಟಕ್ಕೆ ಬೇಕೆಂದರೆ ವಾಟರ್ ಕೋರ್ಟ್ ಒಪ್ಪಿದ ಮರುಪೂರಣ ಯೋಜನೆ ಇರಬೇಕು. ಅಂದರೆ ನೀವು ತೆಗೆದಷ್ಟು ನೀರನ್ನು ಬೇರೆ ಮೂಲದಿಂದ ಹೊಳೆಗೆ ತುಂಬಿಕೊಡುವ ಏರ್ಪಾಡು. ಕೆಲವು ಬಡಾವಣೆಗಳಲ್ಲಿ ಮಾರುವವರೇ ಇದನ್ನು ಮಾಡಿಸಿರುತ್ತಾರೆ. ಆಗ ಪ್ರತಿ ಸೈಟಿಗೆ ಎಷ್ಟು ಚದರ ಅಡಿ ತೋಟ ಎಂಬ ಮಿತಿ ಆ ಯೋಜನೆಯಲ್ಲೇ ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

ಸಾಮಾನ್ಯ ಮನೆಗಳಿಗೆಲ್ಲ ಮಳೆನೀರು ಹಿಡಿಯಲು ಅವಕಾಶ ಸಿಕ್ಕಿದ್ದು 2016ರಲ್ಲಿ. ಅದೂ ಮನೆಗೆ 2 ಪೀಪಾಯಿ, ಎರಡೂ ಸೇರಿ 110 ಗ್ಯಾಲನ್, ಅಂದರೆ ಸುಮಾರು 416 ಲೀಟರ್. ಹಳೆ ರಾಂಚಿನ ಕೊಳಗಳ ಬಗ್ಗೆಯೂ ಒಂದು ಮಾತು: ಚಿತ್ರದಲ್ಲಿ ಚೆಂದ ಕಾಣುವ ಕೊಳಕ್ಕೆ ಡಿಕ್ರಿ ಇಲ್ಲದಿದ್ದರೆ ಅದನ್ನು ಬರಿದು ಮಾಡಲು ಆದೇಶ ಬರಬಹುದು.

ಬಾವಿ ಇನ್ನೂ ಕೊರೆದಿಲ್ಲವೆಂದರೆ, ಸುತ್ತಲ ಬಾವಿಗಳ ಕೊರೆತದ ದಾಖಲೆಗಳನ್ನು ಅದೇ ಜಾಲತಾಣದಲ್ಲಿ ತೆಗೆಯಿರಿ. ಆಳ, ನೀರು ಸಿಕ್ಕ ಮಟ್ಟ, ನಿಮಿಷಕ್ಕೆ ಎಷ್ಟು ಬಂತು, ಎಲ್ಲ ಅದರಲ್ಲಿದೆ. ನಿಮಿಷಕ್ಕೆ 1 ಗ್ಯಾಲನ್ ಬಂದರೂ ದಿನಕ್ಕೆ 1,440 ಗ್ಯಾಲನ್ ಆಗುತ್ತದೆ. 1,000ದಿಂದ 1,500 ಗ್ಯಾಲನ್ನಿನ ತೊಟ್ಟಿಯೂ ಒತ್ತಡದ ಪಂಪೂ ಇದ್ದರೆ ಒಂದು ಸಂಸಾರಕ್ಕೆ ಧಾರಾಳ. ತೊಟ್ಟಿಯನ್ನು ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಹೂಳಬೇಕು, ಇಲ್ಲವೇ ಬಿಸಿ ಇರುವ ಕೋಣೆಯಲ್ಲಿ ಇಡಬೇಕು.

ಪ್ರಶ್ನೆ: ನಮ್ಮ ಸೈಟಿನ ಮೂಲಕ ಒಂದು ಕಾಲುವೆ ಹೋಗುತ್ತದೆ. ಮನೆ ಕಟ್ಟುವ ಜಾಗಕ್ಕೆ ಅಡ್ಡ ಬರುವುದರಿಂದ ಪೈಪು ಹಾಕಿ ಪಕ್ಕಕ್ಕೆ ತಿರುಗಿಸಬಹುದೇ?
(ಗ್ರೀಲಿ)

ಕಾಲುವೆಯ ಒಡೆಯರ ಲಿಖಿತ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಕೂಡದು. ನೆಲ ನಿಮ್ಮದಾದರೂ ಕಾಲುವೆಯ ದಾರಿಹಕ್ಕು ಅವರದು. ವಸಂತದಲ್ಲಿ ಯಂತ್ರ ತಂದು ಹೂಳೆತ್ತಿ ದಡದ ಮೇಲೆ ಹಾಕುವುದೂ ಅದರಲ್ಲೇ ಸೇರಿದೆ. ಹಾಗಾಗಿ ದಡದಲ್ಲಿ ಗಿಡ ನೆಡಬೇಡಿ, ಬೇಲಿ ಹಾಕುವುದಾದರೆ ಯಂತ್ರ ನುಗ್ಗುವಷ್ಟು ಅಗಲದ ಗೇಟು ಬಿಡಿ. ಮಣ್ಣಿನ ಕಾಲುವೆ ಬೇಸಿಗೆಯುದ್ದಕ್ಕೂ ಜಿನುಗುತ್ತದೆ. ಅದರ ಕೆಳಬದಿಯಲ್ಲಿ ನೆಲಮಾಳಿಗೆ ಇರುವ ಮನೆ ಕಟ್ಟಿದರೆ ನೀರು ಒಳಗೆ ಬರುವುದು ಖಂಡಿತ. ಮೇಲ್ಬದಿಯಲ್ಲಿ ಕಟ್ಟಿ.

ಪ್ರಶ್ನೆ: ಮಗ ಯಾಂಪಾ ಕಣಿವೆಯಲ್ಲಿ 35 ಎಕರೆ ನೋಡಿದ್ದಾನೆ. ಇಲ್ಲಿ ನಾವು ಜಮೀನು ಕೊಳ್ಳುವಾಗ ಪಹಣಿ, ಋಣಭಾರ ಪತ್ರ, ಹದ್ದುಬಸ್ತು ಎಲ್ಲ ನೋಡುತ್ತೇವೆ. ಅಲ್ಲಿ ಟೈಟಲ್ ಕಂಪನಿ ವಿಮೆ ಕೊಡುತ್ತದೆ, ಏನೂ ನೋಡಬೇಕಿಲ್ಲ ಎನ್ನುತ್ತಾನೆ. ಇದು ಸರಿಯೇ?
(ಮೈಸೂರು)

ನೀವು ಹೇಳುವುದೇ ಸರಿ, ಅಲ್ಲಿಯೂ ನೋಡಲೇಬೇಕು. ಟೈಟಲ್ ಕಂಪನಿ ವ್ಯವಹಾರ ಮುಗಿಯುವ ಮೊದಲು ಒಂದು 'ಟೈಟಲ್ ಕಮಿಟ್‌ಮೆಂಟ್' ಕೊಡುತ್ತದೆ. ಅದರ ಶೆಡ್ಯೂಲ್ ಎ ಭಾಗದಲ್ಲಿ ಒಡೆಯರ ಹೆಸರು, ಜಮೀನಿನ ವಿವರ ಇರುತ್ತವೆ. ಶೆಡ್ಯೂಲ್ ಬಿ ಎರಡನೇ ಭಾಗವೇ ಮುಖ್ಯ: ವಿಮೆ ಯಾವುದಕ್ಕೆಲ್ಲ ಅನ್ವಯಿಸುವುದಿಲ್ಲ ಎಂಬ ಪಟ್ಟಿ ಅದು. ಹಳೆ ರಾಂಚಾದರೆ ಅದರಲ್ಲಿ ನೂರು ವರ್ಷಕ್ಕೂ ಹಿಂದಿನ ಹೊರೆಗಳೆಲ್ಲ ಸಾಲಾಗಿ ಕೂತಿರುತ್ತವೆ. ಪ್ರತಿಯೊಂದಕ್ಕೂ ನೋಂದಣಿ ಸಂಖ್ಯೆ ಇರುತ್ತದೆ. ಮಗನಿಗೆ ಹೇಳಿ, ಪ್ರತಿ ಪತ್ರವನ್ನೂ ತರಿಸಿ ಓದಲಿ. ಕೊಲರಾಡೋದ ಮಾರಾಟ ಕರಾರಿನಲ್ಲಿ ಟೈಟಲ್, ಸರ್ವೆ, ನೀರು, ವಿಮೆ ಇವುಗಳಿಗೆ ಒಂದೊಂದು ಆಕ್ಷೇಪಣೆಯ ಗಡುವು ಇರುತ್ತದೆ. ಗಡುವಿನೊಳಗೆ ಲಿಖಿತವಾಗಿ ಆಕ್ಷೇಪಿಸಿದರೆ ಕರಾರು ಬಿಟ್ಟು ಮುಂಗಡ ವಾಪಸ್ ಪಡೆಯಬಹುದು. ಗಡುವು ದಾಟಿದರೆ ಮುಂಗಡಕ್ಕೇ ಕುತ್ತು.

ಖನಿಜ. 1862ರ ಹೋಮ್‌ಸ್ಟೆಡ್ ಕಾನೂನಿನಡಿ ನೆಲೆಯೂರಲು ಬಂದವರಿಗೆ 160 ಎಕರೆಯಂತೆ ಸರ್ಕಾರಿ ಜಮೀನು ಕೊಟ್ಟಿದ್ದರು. 1916ರ ಪಶುಪಾಲನಾ ಹೋಮ್‌ಸ್ಟೆಡ್ ಕಾನೂನಿನಡಿ 640 ಎಕರೆಯವರೆಗೆ ಕೊಟ್ಟರು, ಆದರೆ ನೆಲದಡಿಯ ಖನಿಜವನ್ನೆಲ್ಲ ಕೇಂದ್ರ ಸರ್ಕಾರ ತನಗೇ ಉಳಿಸಿಕೊಂಡಿತು. ಮುಂದೆ ಖಾಸಗಿ ಒಡೆಯರೂ ಮಾರುವಾಗ ಖನಿಜವನ್ನು ಉಳಿಸಿಕೊಂಡದ್ದುಂಟು. ಖನಿಜದ ಒಡೆಯರಿಗೆ ನಿಮ್ಮ ನೆಲದ ಮೇಲೆ ಬಂದು ಅದನ್ನು ತೆಗೆಯಲು ಅಗತ್ಯವಿದ್ದಷ್ಟು ಹಕ್ಕಿರುತ್ತದೆ. ಸರ್ಕಾರ ಮೊದಲು ಜಮೀನು ಕೊಟ್ಟ ಪೇಟೆಂಟ್ ಪತ್ರ ಕೇಂದ್ರದ ಭೂ ನಿರ್ವಹಣಾ ಬ್ಯೂರೋದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಯಾವ ಕಾನೂನಿನಡಿ ಕೊಟ್ಟದ್ದೆಂದು ಅದರಲ್ಲೇ ಬರೆದಿರುತ್ತದೆ.

ದಾರಿ. ಮಣ್ಣು ರಸ್ತೆ ಕಣ್ಣಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ದಾರಿಹಕ್ಕು ಇದೆ ಎಂದಲ್ಲ. ನೋಂದಾಯಿತ ದಾರಿಹಕ್ಕಿನ ಪತ್ರದಲ್ಲಿ ಅಗಲವೆಷ್ಟು, ವಾಸದ ಮನೆಗೆ ಬಳಸಬಹುದೇ ಅಥವಾ ದನ ಹೊಡೆದುಕೊಂಡು ಹೋಗಲು ಮಾತ್ರವೇ, ವಿದ್ಯುತ್ ತಂತಿ ಎಳೆಯಲು ಅವಕಾಶ ಇದೆಯೇ, ನಿರ್ವಹಣೆಯ ಖರ್ಚು ಯಾರದು, ಇವನ್ನು ನೋಡಿ. ಕೌಂಟಿ ರಸ್ತೆಯಾದರೂ ಎಲ್ಲ ಕೌಂಟಿ ರಸ್ತೆಗಳ ಹಿಮವನ್ನೂ ಚಳಿಗಾಲದಲ್ಲಿ ತೆಗೆಯುವುದಿಲ್ಲ. ರಸ್ತೆ ವಿಭಾಗಕ್ಕೆ ಫೋನು ಮಾಡಿ, ಹಿಮ ತೆಗೆಯುವ ಯಂತ್ರ ಎಲ್ಲಿಯವರೆಗೆ ಬರುತ್ತದೆಂದು ಕೇಳಲಿ.

ಹದ್ದುಬಸ್ತು. ಸಾಲ ಕೊಡುವವರು ಸಾಮಾನ್ಯವಾಗಿ ಕೇಳುವ 'ಇಂಪ್ರೂವ್‌ಮೆಂಟ್ ಲೊಕೇಶನ್ ಸರ್ಟಿಫಿಕೇಟ್' ಎಂಬ ಅಗ್ಗದ ಕಾಗದ ಗಡಿ ಸರ್ವೆ ಅಲ್ಲವೇ ಅಲ್ಲ. ಮೂಲೆಗಳಲ್ಲಿ ಗೂಟ ನೆಡುವ ಪೂರ್ಣ ಸರ್ವೆ ಮಾಡಿಸಿ. ರಾಂಚಿನ ಹಳೆ ಬೇಲಿಗಳು ದನ ತಡೆಯಲು ಅನುಕೂಲವಾದ ಕಡೆ ಹಾಕಿದವು. ಗಡಿಗೆ ಅವು ಹೊಂದುವುದು ಅಪರೂಪ. ಕೊಲರಾಡೋದಲ್ಲಿ 18 ವರ್ಷ ಎದುರು ಹಕ್ಕಿನಿಂದ ಅನುಭವಿಸಿದವರು ಒಡೆತನ ಸಾಧಿಸಬಹುದು. ಆದ್ದರಿಂದ ಬೇಲಿಗೂ ಗಡಿಗೂ ನಡುವೆ ಇರುವ ಪಟ್ಟಿಯನ್ನು ಮೊದಲೇ ನೆರೆಯವರೊಂದಿಗೆ ಕಾಗದದಲ್ಲಿ ಬಗೆಹರಿಸಿಕೊಳ್ಳುವುದು ಒಳಿತು.

ಪ್ರಶ್ನೆ: ಸೈಟಿಗೆ ಕನ್ಸರ್ವೇಶನ್ ಈಸ್‌ಮೆಂಟ್ ಇದೆ, ಆದರೆ 3 ಎಕರೆಯ 'ಬಿಲ್ಡಿಂಗ್ ಎನ್ವಲಪ್' ಕೊಟ್ಟಿದ್ದಾರೆ. ಅದರೊಳಗೆ ನಮಗಿಷ್ಟ ಬಂದಂತೆ ಕಟ್ಟಬಹುದೇ? ತೆರಿಗೆ ವಿನಾಯಿತಿಯೂ ಸಿಗುತ್ತದಂತೆ.
(ಬೋಲ್ಡರ್)

ತೆರಿಗೆ ವಿನಾಯಿತಿ ಸಿಕ್ಕಿದ್ದು ಕರಾರನ್ನು ದಾನವಾಗಿ ಕೊಟ್ಟ ಹಿಂದಿನ ಒಡೆಯರಿಗೆ. ಅದು ಮುಗಿದ ಕಥೆ. ನಿಮಗೆ ಬರುವುದು ಕಟ್ಟುಪಾಡುಗಳು ಮಾತ್ರ. ಅವು ನಿಮ್ಮ ನಂತರದವರಿಗೂ ಅಂಟಿಕೊಂಡೇ ಇರುತ್ತವೆ. ಹಾಗೆಂದು ಇದನ್ನು ಹೊರೆ ಎಂದೇ ನೋಡಬೇಡಿ. ಪಕ್ಕದ ಬಯಲಿನಲ್ಲಿ ನಾಳೆ ಮನೆಗಳ ಸಾಲು ಏಳುವುದಿಲ್ಲ ಎಂಬ ಖಾತ್ರಿ ಕೊಡುವುದೂ ಇದೇ ಕಾಗದ. ಈ ಕಣಿವೆಗಳು ಇಂದಿಗೂ ಹಸಿರಾಗಿ ಉಳಿದಿರುವುದರಲ್ಲಿ ಇಂಥ ಕರಾರುಗಳ ಪಾಲು ದೊಡ್ಡದು. ಕೊಲರಾಡೋದ ದನ ಸಾಕುವವರೇ ಸೇರಿ 1995ರಲ್ಲಿ ಇದಕ್ಕೆಂದು ತಮ್ಮದೇ ಭೂ ಟ್ರಸ್ಟ್ ಕಟ್ಟಿಕೊಂಡರು.

ಎನ್ವಲಪ್, ಅಂದರೆ ಕಟ್ಟಲು ಬಿಟ್ಟ ಜಾಗ, ಅದರೊಳಗೆ ಏನೇನು ಎಂಬುದನ್ನು ಕರಾರು ಪತ್ರವೇ ಹೇಳಬೇಕು. ನಾಲ್ಕು ವಿಷಯ ನೋಡಿ. ಬಾವಿ ಮತ್ತು ಇಂಗುಕ್ಷೇತ್ರ (ಸೆಪ್ಟಿಕ್ ನೀರು ಮಣ್ಣಿಗೆ ಇಂಗುವ ಜಾಗ) ಎನ್ವಲಪ್‌ನ ಒಳಗೇ ಇರಬೇಕೇ, ಹೊರಗೂ ಇರಬಹುದೇ? ಒಳಗೇ ಎಂದಾದರೆ, ಅವೆರಡರ ನಡುವೆ 100 ಅಡಿ ಬಿಡುವ ನಿಯಮಕ್ಕೆ 3 ಎಕರೆಯಲ್ಲಿ ಜಾಗ ಹೊಂದಿಸಿಯೇ ಮನೆಯ ನಕ್ಷೆ ಬರೆಸಬೇಕು. ಡ್ರೈವ್‌ವೇ ಯಾವ ದಾರಿಯಲ್ಲಿ ಬರಬೇಕೆಂದು ಗುರುತಾಗಿದೆಯೇ? ಸೌರಫಲಕ, ಕುದುರೆ ಲಾಯ, ಅತಿಥಿ ಮನೆ ಇವಕ್ಕೆ ಒಟ್ಟು ಚದರ ಅಡಿಯ ಮಿತಿ ಎಷ್ಟು? ಬೆಂಕಿ ತಡೆಗಾಗಿ ಎನ್ವಲಪ್‌ನ ಹೊರಗೆ ಮರ ತೆಳುಗೊಳಿಸಬಹುದೇ? ಈ ಕೊನೆಯದನ್ನು ಹಲವರು ಮರೆಯುತ್ತಾರೆ, ಆಮೇಲೆ ವಿಮೆಯವರು ಕೇಳಿದಾಗ ಸಿಕ್ಕಿಬೀಳುತ್ತಾರೆ. ಸರ್ವೆಯವರಿಂದ ಎನ್ವಲಪ್‌ನ ಮೂಲೆಗಳಿಗೆ ಗೂಟ ಹೊಡೆಸಿ, ನಕ್ಷೆಯನ್ನು ಕರಾರು ನೋಡಿಕೊಳ್ಳುವ ಭೂ ಟ್ರಸ್ಟಿಗೆ ಕೊಟ್ಟು ಲಿಖಿತ ಒಪ್ಪಿಗೆ ಪಡೆದ ಮೇಲೇ ಕೌಂಟಿಗೆ ಅರ್ಜಿ ಹಾಕಿ. ಟ್ರಸ್ಟಿನವರು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ.

ಸೈಟುದಾರರ ಸಂಘದ ಕಾಗದಗಳನ್ನೂ ಬಿಡಬೇಡಿ. ಹಂಚಿಕೊಂಡ ರಾಂಚಿನಲ್ಲಿ ವ್ಯವಸ್ಥಾಪಕರ ಸಂಬಳ, ಟ್ರ್ಯಾಕ್ಟರು, ಕಾಲುವೆ, ರಸ್ತೆ ಎಲ್ಲದರ ಖರ್ಚೂ ಸೈಟುದಾರರ ಮೇಲೆ ಬೀಳುತ್ತದೆ. ಸೈಟುಗಳಲ್ಲಿ ಅರ್ಧ ಮಾರಾಟವಾಗದೆ ಉಳಿದರೆ ಆ ಖರ್ಚು ಹೇಗೆ ಹಂಚಿಕೆಯಾಗುತ್ತದೆ ಎಂದು ಕೇಳಿ. ಎರಡು ವರ್ಷದ ಬಜೆಟ್, ಮೀಸಲು ನಿಧಿಯ ಲೆಕ್ಕ, ಸಭೆಯ ನಡಾವಳಿ ಓದಿದರೆ ಸಂಘದ ಆರೋಗ್ಯ ತಿಳಿಯುತ್ತದೆ.

ಪ್ರಶ್ನೆ: ಅಕ್ಟೋಬರಿನಲ್ಲಿ ಹೋಗಿ ನೋಡಿದಾಗ ನೆಲ ಗಟ್ಟಿಯಾಗಿ ಒಣಗಿತ್ತು. ಸೆಪ್ಟಿಕ್ ಟ್ಯಾಂಕು, ಅಡಿಪಾಯಕ್ಕೆ ತೊಂದರೆ ಇಲ್ಲ ಎಂದು ಬ್ರೋಕರ್ ಹೇಳಿದರು. ಬೇರೆ ಏನು ನೋಡಬೇಕು?
(ಕೊಲರಾಡೋ ಸ್ಪ್ರಿಂಗ್ಸ್)

ರಾಂಚಿನ ಹುಲ್ಲುಗಾವಲಿಗೆ ಮೇ, ಜೂನ್ ತಿಂಗಳುಗಳಲ್ಲಿ ಕಾಲುವೆ ನೀರನ್ನು ಹರಿಯಬಿಟ್ಟು ನೆನೆಸುತ್ತಾರೆ. ಆಗ ಅಂತರ್ಜಲ ಕೆಲವು ಕಡೆ ಎರಡು ಅಡಿಯವರೆಗೂ ಏರಿ ನಿಲ್ಲುತ್ತದೆ. ಅಕ್ಟೋಬರಿನ ಒಣನೆಲ ಇದನ್ನು ಹೇಳುವುದಿಲ್ಲ. ಪರೀಕ್ಷಾ ಗುಂಡಿಯನ್ನು ಜೂನ್‌ನಲ್ಲಿ ತೋಡಿಸಿ. ಅಷ್ಟು ಕಾಯಲಾಗದಿದ್ದರೆ ಗುಂಡಿಯ ಗೋಡೆಯಲ್ಲಿ ತುಕ್ಕಿನ ಬಣ್ಣದ, ಬೂದು ಬಣ್ಣದ ಮಚ್ಚೆಗಳಿವೆಯೇ ಎಂದು ಮಣ್ಣಿನ ತಜ್ಞರು ನೋಡಲಿ. ವರ್ಷದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಆ ಮಚ್ಚೆ ತೋರಿಸಿಕೊಡುತ್ತದೆ.

ಸೆಪ್ಟಿಕ್‌ಗೆ 8 ಅಡಿ ಆಳದ ಗುಂಡಿಗಳನ್ನು ತೋಡಿ ಮಣ್ಣಿನ ಪದರ ನೋಡುವುದು ವಾಡಿಕೆ. ಇಂಗುಕ್ಷೇತ್ರದ ತಳದಿಂದ ಬಂಡೆ ಅಥವಾ ಅಂತರ್ಜಲಕ್ಕೆ 4 ಅಡಿ ಒಳ್ಳೆ ಮಣ್ಣು ಇಲ್ಲವಾದರೆ ಎಂಜಿನಿಯರ್ ವಿನ್ಯಾಸದ ದಿಬ್ಬದ ವ್ಯವಸ್ಥೆ ಬೇಕಾಗುತ್ತದೆ. ಖರ್ಚು ಬಹಳ ಏರುತ್ತದೆ. ಇಂಗುಕ್ಷೇತ್ರ ಬಾವಿಯಿಂದ 100 ಅಡಿ, ಹಳ್ಳ ಅಥವಾ ಕಾಲುವೆಯಿಂದ 50 ಅಡಿ ದೂರ. ಟ್ಯಾಂಕು ಬಾವಿಯಿಂದ 50 ಅಡಿ ದೂರ. 3 ಮಲಗುಕೋಣೆಯ ಮನೆಗೆ 1,000 ಗ್ಯಾಲನ್, 4 ಕೋಣೆಗೆ 1,250 ಗ್ಯಾಲನ್ ಟ್ಯಾಂಕು ಕನಿಷ್ಠ. ಬೆಂಟೊನೈಟ್ ಇರುವ ಜೇಡಿಮಣ್ಣು ನೆನೆದಾಗ ಉಬ್ಬಿ ಅಡಿಪಾಯವನ್ನೇ ಎತ್ತುತ್ತದೆ. ಆದ್ದರಿಂದ ಮಣ್ಣಿನ ವರದಿ ಬರುವ ಮೊದಲು ನಕ್ಷೆಗೆ ದುಡ್ಡು ಹಾಕಬೇಡಿ. ಛಾವಣಿ ಎಷ್ಟು ಹಿಮಭಾರ ತಾಳಬೇಕು, ಅಡಿಪಾಯ ಎಷ್ಟು ಆಳಕ್ಕಿಳಿಯಬೇಕು ಎಂಬುದನ್ನು ಕೌಂಟಿಯ ಕಟ್ಟಡ ವಿಭಾಗ ಸೈಟಿನ ಎತ್ತರ ನೋಡಿ ತಿಳಿಸುತ್ತದೆ. ವಿದ್ಯುತ್ ಸಹಕಾರ ಸಂಘದಿಂದ ಹತ್ತಿರದ ಕಂಬದಿಂದ ಮನೆವರೆಗಿನ ತಂತಿಗೆ ಲಿಖಿತ ಅಂದಾಜು ತರಿಸಿ. ಅರ್ಧ ಮೈಲಿಯಾದರೆ ಸೌರವಿದ್ಯುತ್ತಿನ ಖರ್ಚಿನೊಂದಿಗೆ ಹೋಲಿಸಿ ನೋಡುವುದು ಲೇಸು.

ಬೆಂಕಿಯ ವಿಷಯ ಸಲೀಸಾಗಿ ತೆಗೆದುಕೊಳ್ಳಬೇಡಿ. 2020ರ ಅಕ್ಟೋಬರಿನಲ್ಲಿ ಗ್ರ್ಯಾಂಡ್ ಕೌಂಟಿಯ ಈಸ್ಟ್ ಟ್ರಬಲ್ಸಮ್ ಬೆಂಕಿ ಸುಮಾರು 1,93,800 ಎಕರೆ ಸುಟ್ಟು, ಖಂಡದ ಜಲವಿಭಾಜಕ ಬೆಟ್ಟಸಾಲನ್ನೇ ದಾಟಿತು. 2021ರ ಡಿಸೆಂಬರ್ 30ರ ಮಾರ್ಷಲ್ ಬೆಂಕಿಯಲ್ಲಿ ಒಂದು ಸಾವಿರಕ್ಕೂ ಹೆಚ್ಚು ಮನೆ ಹೋದವು. ಅದು ಹೊತ್ತಿ ಹಬ್ಬಿದ್ದು ಕಾಡಿನಲ್ಲಲ್ಲ, ಒಣಹುಲ್ಲಿನಲ್ಲಿ. ಗೋಡೆಯಿಂದ 5 ಅಡಿ ಒಳಗೆ ಉರಿಯುವಂಥದ್ದು ಏನೂ ಇರಬಾರದು, ಕಲ್ಲುಚೂರು ಹಾಸಿ. 30 ಅಡಿಯವರೆಗೆ ಹುಲ್ಲು ಗಿಡ್ಡವಾಗಿ ಕತ್ತರಿಸಿರಬೇಕು, ಮರದ ಕೆಳಕೊಂಬೆ ತೆಗೆದಿರಬೇಕು. 100 ಅಡಿಯವರೆಗೆ ಮರಗಳು ಒಂದಕ್ಕೊಂದು ತಾಗದಂತೆ ತೆಳುಗೊಳಿಸಿ. ಛಾವಣಿಗೆ ಕ್ಲಾಸ್ ಎ ದರ್ಜೆಯ ವಸ್ತು, ಗಾಳಿಕಿಂಡಿಗೆ ಕಿಡಿ ನುಗ್ಗದ ಸಣ್ಣ ಜಾಲರಿ. ಡ್ರೈವ್‌ವೇ ಸಾಮಾನ್ಯವಾಗಿ 12 ಅಡಿ ಅಗಲ, ತಲೆಯ ಮೇಲೆ 13 ಅಡಿ 6 ಇಂಚು ತೆರವು, 150 ಅಡಿಗಿಂತ ಉದ್ದವಾದರೆ ಬೆಂಕಿ ಇಂಜಿನ್ ತಿರುಗಲು ಜಾಗ ಕೇಳುತ್ತಾರೆ. ಅಗ್ನಿಶಾಮಕ ಠಾಣೆ ರಸ್ತೆಯಲ್ಲಿ 5 ಮೈಲಿ ಮೀರಿದರೆ ಮನೆ ವಿಮೆ ದುಬಾರಿ, ಕೆಲವೊಮ್ಮೆ ಸಿಗುವುದೇ ಇಲ್ಲ. ಆಕ್ಷೇಪಣೆಯ ಗಡುವಿನೊಳಗೇ ವಿಮೆಯ ಲಿಖಿತ ದರ ತರಿಸಿಕೊಳ್ಳಿ.

ಪ್ರಶ್ನೆ: ಪಕ್ಕದ ರಾಂಚಿನ ದನಗಳು ನಮ್ಮ ಸೈಟಿಗೆ ನುಗ್ಗಿ ಗಿಡ ತಿನ್ನುತ್ತಿವೆ. ಯಾರಿಗೆ ದೂರು ಕೊಡಬೇಕು?
(ಸಲೈಡಾ)

ಕೊಲರಾಡೋದಲ್ಲಿ ಬೇಲಿ ಹಾಕಿಕೊಳ್ಳಬೇಕಾದವರು ದನ ಬೇಡ ಎನ್ನುವವರು. ಕಾನೂನು ಒಪ್ಪುವ ಬೇಲಿ, ಅಂದರೆ ಸುಮಾರು 20 ಅಡಿಗೊಂದು ಗಟ್ಟಿ ಕಂಬ, 3 ಎಳೆ ಮುಳ್ಳುತಂತಿ, ಇದ್ದೂ ದನ ನುಗ್ಗಿದರೆ ಮಾತ್ರ ಹಾನಿ ಪರಿಹಾರ ಕೇಳಬಹುದು. ಎಲ್ಕ್, ಜಿಂಕೆಗಳ ದಾರಿಯೂ ಅದೇ ಕಣಿವೆ. ಮೇಲಿನ ತಂತಿ 42 ಇಂಚಿಗಿಂತ ಎತ್ತರ ಬೇಡ, ಅದಕ್ಕೂ ಅದರ ಕೆಳಗಿನದಕ್ಕೂ ನಡುವೆ 12 ಇಂಚು ಬಿಡಿ, ತೀರ ಕೆಳಗಿನ ತಂತಿ ನೆಲದಿಂದ 16 ಇಂಚು ಮೇಲಿರಲಿ. ಅಂತರ ಕಡಿಮೆಯಾದರೆ ಹಾರುವ ಜಿಂಕೆಯ ಹಿಂಗಾಲು ಎರಡು ತಂತಿಗಳ ನಡುವೆ ತಿರುಚಿಕೊಂಡು ಅಲ್ಲೇ ಸಾಯುತ್ತದೆ. ಮೇಲಿನದೂ ಕೆಳಗಿನದೂ ನುಣುಪು ತಂತಿಯಾದರೆ ಒಳ್ಳೆಯದು, ಆದರೆ ಅದು ಕಾನೂನಿನ ಮುಳ್ಳುಬೇಲಿಯ ಲೆಕ್ಕಕ್ಕೆ ಬರಲು ನಡುವೆ ಎಳೆ ಹೆಚ್ಚಿಸುವ ಬಗ್ಗೆ ಮೊದಲು ನೆರೆಯ ರಾಂಚಿನವರೊಂದಿಗೆ ಮಾತಾಡಿ. ಖರ್ಚು ಹಂಚಿಕೊಳ್ಳಲು ಬಹಳ ಜನ ಒಪ್ಪುತ್ತಾರೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಊರಿನಿಂದ ಅಪ್ಪ, ಅಮ್ಮ ಹಣ ಕಳಿಸುತ್ತಾರೆ. ಜಮೀನನ್ನು ಅವರ ಹೆಸರಿಗೇ ಮಾಡಿಸಿದರೆ ಒಳ್ಳೆಯದೇ? ತೆರಿಗೆ ಹೇಗೆ?
(ಡೆನ್ವರ್)

ಅವರ ಹೆಸರಿಗೆ ಬೇಡ. ಅಮೆರಿಕದಲ್ಲಿ ವಾಸವಿಲ್ಲದ ವಿದೇಶಿಯರು ತೀರಿಕೊಂಡಾಗ ಅಲ್ಲಿನ ಆಸ್ತಿಗೆ ಎಸ್ಟೇಟ್ ತೆರಿಗೆಯಿಂದ ಸಿಗುವ ವಿನಾಯಿತಿ 60,000 ಡಾಲರ್ ಮಾತ್ರ. ಅದರ ಮೇಲಿನದಕ್ಕೆ ತೆರಿಗೆ ಶೇ. 40ರವರೆಗೆ ಹೋಗುತ್ತದೆ. ಇದರ ಬಗ್ಗೆ ಭಾರತದೊಂದಿಗೆ ಒಪ್ಪಂದವಿಲ್ಲ. ಅವರು ಮಾರಿದರೆ ಕೊಳ್ಳುವವರು ಬೆಲೆಯ ಶೇ. 15ನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕಾಗುತ್ತದೆ. ಜೊತೆಗೆ ಅವರು ಭಾರತದ ರಿಟರ್ನ್‌ನಲ್ಲಿ ಪ್ರತಿ ವರ್ಷ ವಿದೇಶಿ ಆಸ್ತಿಯ ಪಟ್ಟಿಯಾದ ಶೆಡ್ಯೂಲ್ ಎಫ್‌ಎಯಲ್ಲಿ ಆ ಜಮೀನನ್ನು ತೋರಿಸಬೇಕು. ಬಿಟ್ಟರೆ 2015ರ ಕಪ್ಪುಹಣ ಕಾನೂನಿನಡಿ ದಂಡ 10 ಲಕ್ಷ ರೂಪಾಯಿ.

ಅಪ್ಪ, ಅಮ್ಮ ನಿಮಗೆ ಹಣವನ್ನು ಉಡುಗೊರೆಯಾಗಿ ಕೊಟ್ಟು ನೀವೇ ಕೊಳ್ಳುವುದು ಸರಳ ದಾರಿ. ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಅದನ್ನು ಅವರ ಆದಾಯ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಅವರ ಭಾರತದ ಖಾತೆಯಿಂದ ನೇರ ನಿಮ್ಮ ಖಾತೆಗೆ ಬರಲಿ. ವರ್ಷದಲ್ಲಿ ಬಂದದ್ದು 1,00,000 ಡಾಲರ್ ದಾಟಿದರೆ ನೀವು ವಿದೇಶದ ಉಡುಗೊರೆಯನ್ನು ತಿಳಿಸುವ ಫಾರ್ಮ್ 3520ನ್ನು ಅಮೆರಿಕದ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಇದಕ್ಕೆ ತೆರಿಗೆ ಇಲ್ಲ, ಆದರೆ ಸಲ್ಲಿಸದಿದ್ದರೆ ದಂಡ ಉಡುಗೊರೆಯ ಶೇ. 25ರವರೆಗೆ ಏರುತ್ತದೆ.

ಇನ್ನೊಂದು ವಿಷಯವನ್ನು ಬ್ರೋಕರ್‌ಗಳು ಹೇಳುವುದೇ ಇಲ್ಲ. ಗ್ರೀನ್ ಕಾರ್ಡ್ ಇಲ್ಲದವರು ಕೃಷಿ ಜಮೀನು ಕೊಂಡರೆ ಅಮೆರಿಕದ 1978ರ ಕೇಂದ್ರ ಕಾನೂನಿನಂತೆ 90 ದಿನದೊಳಗೆ ಎಫ್‌ಎಸ್‌ಎ-153 ನಮೂನೆಯನ್ನು ಕೃಷಿ ಇಲಾಖೆಗೆ ಕೊಡಬೇಕು. ಎಚ್-1ಬಿಯವರೂ ಇದರಲ್ಲಿ ಬರುತ್ತಾರೆ. 10 ಎಕರೆಯೊಳಗಿನ, ಬೆಳೆಯಿಂದ ವರ್ಷಕ್ಕೆ 1,000 ಡಾಲರಿಗಿಂತ ಹೆಚ್ಚು ಬರದ ಜಮೀನಿಗೆ ಬೇಕಿಲ್ಲ. ಹುಲ್ಲು ಗುತ್ತಿಗೆಗೆ ಕೊಟ್ಟ 35 ಎಕರೆಗೆ ಬೇಕು. ದಂಡ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 25ರವರೆಗೆ. ಮಾರಿದಾಗಲೂ ಹೀಗೆಯೇ ತಿಳಿಸಬೇಕು.

ಆಸ್ತಿ ತೆರಿಗೆಯಲ್ಲಿ, ದನ ಮೇಯಿಸುವ ಅಥವಾ ಹುಲ್ಲು ಕೊಯ್ಯುವ ಜಮೀನಿಗೆ ಕೃಷಿ ದರ ಬಹಳ ಕಡಿಮೆ. ಆ ಬಳಕೆ ಹಿಂದಿನ ಎರಡು ವರ್ಷವೂ ಈಗಲೂ ನಡೆದಿರಬೇಕು. ಮನೆ ಕಟ್ಟಿದ ಮೇಲೆ, ಅದು ಕೃಷಿಗೆ ಅವಿಭಾಜ್ಯವಲ್ಲವಾದರೆ, ಮನೆಯಡಿಯ 2 ಎಕರೆಯವರೆಗೆ ವಾಸದ ದರಕ್ಕೆ ಹೋಗುತ್ತದೆ. ಉಳಿದದ್ದು ಕೃಷಿಯಲ್ಲೇ ಉಳಿಯುತ್ತದೆ. ಗುತ್ತಿಗೆ ನಿಲ್ಲಿಸಿ ಸುಮ್ಮನೆ ಬಿಟ್ಟರೆ ಖಾಲಿ ಜಮೀನೆಂದು ವರ್ಗವಾಗುತ್ತದೆ. ಖಾಲಿ ಜಮೀನಿನ ಅಸೆಸ್‌ಮೆಂಟ್ ದರ ವಾಸದ ದರದ ಸುಮಾರು ನಾಲ್ಕು ಪಟ್ಟು. ಗುತ್ತಿಗೆ ಪತ್ರವನ್ನು ಲಿಖಿತವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಸೈಟಿನಲ್ಲಿ ಮರದ ದಿಮ್ಮಿಯ ಹಳೆ ಕ್ಯಾಬಿನ್, ಕೊಟ್ಟಿಗೆ ಇವೆ. ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿವೆಯಂತೆ. ನಾವು ಮುಟ್ಟುವಂತೆಯೇ ಇಲ್ಲವೇ?
(ಗನ್ನಿಸನ್)

ಸ್ವಂತ ದುಡ್ಡಿನಲ್ಲಿ ಮಾಡುವ ಖಾಸಗಿ ಒಡೆಯರಿಗೆ ರಾಷ್ಟ್ರೀಯ ಪಟ್ಟಿಯಿಂದ ಯಾವ ನಿರ್ಬಂಧವೂ ಇಲ್ಲ. ಕೌಂಟಿಯೇ ಸ್ಥಳೀಯ ಸ್ಮಾರಕವೆಂದು ಘೋಷಿಸಿದ್ದರೆ, ಇಲ್ಲವೇ ಈಸ್‌ಮೆಂಟ್‌ನಲ್ಲಿ ಆ ಕಟ್ಟಡಗಳ ಹೆಸರಿದ್ದರೆ ಮಾತ್ರ ಅನುಮತಿ ಬೇಕು. ಆದರೂ ಕೆಡವಬೇಡಿ. ಅಂಥ ಕಟ್ಟಡಗಳಿಂದಲೇ ಆ ಜಾಗ ರಾಂಚ್ ಅನಿಸಿಕೊಂಡಿದೆ, ಮತ್ತೆ ಕಟ್ಟಲು ಬರುವಂಥವಲ್ಲ.

ದಿಮ್ಮಿ ಮನೆ ಕೊಳೆಯಲು ಶುರುವಾಗುವುದು ನೆಲಕ್ಕೆ ತಾಗಿದ ಕೆಳದಿಮ್ಮಿಯಿಂದ. ಸುತ್ತಲ ಮಣ್ಣು ಕೆರೆದು ಇಳಿಜಾರು ಮಾಡಿ, ಛಾವಣಿಯ ನೀರು ದೂರ ಬೀಳುವಂತೆ ಮಾಡುವುದು ಮೊದಲ ಕೆಲಸ. ಕೆಳದಿಮ್ಮಿ ಚುಚ್ಚಿದರೆ ಚಾಕು ಒಳಗೆ ಹೋಗುತ್ತಿದ್ದರೆ ಜ್ಯಾಕ್ ಕೊಟ್ಟು ಗೋಡೆಯನ್ನು ಸ್ವಲ್ಪ ಎತ್ತಿ ಅದನ್ನು ಬದಲಿಸಿ ಕಲ್ಲಿನ ಮೇಲೆ ಕೂರಿಸಬೇಕು. ದಿಮ್ಮಿಗಳ ಸಂದಿಗೆ ಸಿಮೆಂಟ್ ಗಾರೆ ತುಂಬಬೇಡಿ: ಅದು ಮರದೊಂದಿಗೆ ಹಿಗ್ಗಿ ಕುಗ್ಗದೆ ಬಿರುಕು ಬಿಟ್ಟು, ಒಳಗೆ ಹೋದ ತೇವವನ್ನು ಹೊರಗೆ ಬಿಡುವುದಿಲ್ಲ. ಸುಣ್ಣದ ಗಾರೆಯೇ ಸರಿ.

ಒಳಗೆ ಕಾಲಿಡುವ ಮುನ್ನ ಇಲಿಗಳ ವಿಷಯ ತಿಳಿದಿರಿ. ಅಲ್ಲಿನ ಡಿಯರ್ ಮೌಸ್ ಎಂಬ ಇಲಿಯ ಹಿಕ್ಕೆ, ಮೂತ್ರದ ದೂಳಿನಿಂದ ಹಂಟಾ ವೈರಸ್ ಉಸಿರಿಗೆ ಸೇರುತ್ತದೆ. ಶ್ವಾಸಕೋಶಕ್ಕೆ ಹಬ್ಬಿದರೆ ಪ್ರಾಣಾಪಾಯ. 1993ರಲ್ಲಿ ಇದನ್ನು ಗುರುತಿಸಿದ್ದೂ ಅದೇ ಸೀಮೆಯಲ್ಲಿ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗೇ ಇರಿ. ಒಣಗಿದ್ದನ್ನು ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಕೂಡ ಬೇಡ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ರಬ್ಬರ್ ಕೈಗವಸು ಹಾಕಿಕೊಂಡು ಕಾಗದದಿಂದ ಒರೆಸಿ ತೆಗೆಯಿರಿ. ಕೊಟ್ಟಿಗೆಯ ಹಿಂದೆ ಹಳೆಯ ಡೀಸೆಲ್ ಟ್ಯಾಂಕು ನೆಲದಲ್ಲಿ ಹೂತಿದೆಯೇ, ಮುಚ್ಚದ ಕೈಬಾವಿ ಇದೆಯೇ ಎಂದು ಮಾರುವವರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಇದ್ದರೆ ಅವನ್ನು ತೆಗೆಸುವ, ಮುಚ್ಚಿಸುವ ಖರ್ಚು ಮಾರುವವರದೆಂದು ಕರಾರಿನಲ್ಲೇ ಬರೆಸಿ.